ಶಾರೊಗೆ ಸಾರು ಹಾಕಿದವರು ಯಾರು

ಡಿ. 24
ನೆನೆಹಾಕಿದ ಒಣಮೀನಿನ ನೀರು ಮತ್ತೆ ಬದಲಾಯಿಸಿದೆ. ಅಕ್ರೋಟು ರೋಲ್ ಈ ಸಲ ಎರಡೇ. ನಾಡಿದ್ದು ಸಂತ ಶ್ಟೆಫಾನ್ ದಿನ, ರಜೆ. ನನ್ನ ಹೆಸರು ಶ್ಟೆಫಿತ್ಸಾ. ಆ ಸಂತನ ಹೆಸರಿಟ್ಟುಕೊಂಡವರ ಮನೆಗೆ ಅವತ್ತು ಊರೆಲ್ಲ ಬರುತ್ತದೆ. ಕರೆಯುವ ಪದ್ಧತಿ ಇಲ್ಲ, ಬಂದವರನ್ನು ಹಿಂದೆ ಕಳಿಸುವ ಪದ್ಧತಿಯೂ ಇಲ್ಲ. ಮದುವೆಯಾದಾಗಿನಿಂದ ಕ್ರಿಸ್‌ಮಸ್ ಮಾರನೇ ದಿನ ಕೂತು ಉಂಡಿಲ್ಲ ನಾನು. ಒಂದೇ ಒಂದು ದಿನ ಸುಮ್ಮನಿರಬೇಕು.

ಡಿ. 25
ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಹೇಳಿಬಿಟ್ಟೆ — ನಾಳೆ ವರಾಜ್ದಿನ್‌ಗೆ, ಮಗಳ ಮನೆಗೆ ಹೋಗ್ತೀವಿ. ಎಷ್ಟು ಸಲೀಸಾಗಿ ಬಂತು ಬಾಯಿಗೆ.
ಯಾಗಾ ಚಿಕ್ಕಮ್ಮ ಮಂಡಿನೋವು ಅಂತ ಬಂದಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು.
"ಅವರಿಗೆ ಯಾರು ಹೇಳ್ತಾರೆ?" ಅಂದ ವಿನ್ಕೊ, ನನ್ನ ಗಂಡ.
"ಯಾರಾದ್ರೂ ಹೇಳ್ತಾರೆ ಬಿಡಿ."

ಡಿ. 26, ಮಧ್ಯಾಹ್ನ
ಕಿಟಕಿ ಪರದೆ ಎಲ್ಲ ಎಳೆದಾಯ್ತು. ರಾತ್ರಿ ಹಿಮ ಬಿದ್ದಿದೆ. ಟಿವಿ ಸದ್ದಿಲ್ಲದೆ ಓಡ್ತಿದೆ. ವಿನ್ಕೊ ನಿನ್ನೆಯ ಟರ್ಕಿ ಕೋಳಿ ಬಿಸಿ ಮಾಡಿದ, ಎಲುಬಿನ ಸಾರು ನಾಯಿಗೆ ಹಾಕಿ ಬಂದ. ಕಾಲು ಚಾಚಿ ಕೂತಿದ್ದೇನೆ. ಆಹಾ...

ಅದೇ ದಿನ, ಸಂಜೆ
ಬರೆಯೋಕೆ ಕೈ ಬರ್ತಿಲ್ಲ.
ಮಧ್ಯಾಹ್ನ ಅಷ್ಟು ಬರೆದಿಡುವಷ್ಟರಲ್ಲೇ ಗೇಟು ಸದ್ದಾಯ್ತು. ಪರದೆ ಸಂದಿಯಿಂದ ನೋಡಿದೆ — ಯಾಗಾ ಚಿಕ್ಕಮ್ಮ. ಕೋಲೂರಿಕೊಂಡು, ಆ ದಿಣ್ಣೆ ಹತ್ತಿ, ಆ ಮಂಡಿಯಲ್ಲಿ. ಬಾಗಿಲು ತಟ್ಟಿದಳು. ವಿನ್ಕೊ ನನ್ನ ಮುಖ ನೋಡಿದ. ಬೇಡ ಅಂತ ತಲೆ ಅಲ್ಲಾಡಿಸಿದೆ. ತೆರೆದರೆ ಸುಳ್ಳು ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತೆ ಅಂತ. ಕೂತೇ ಇದ್ದೆವು, ಕಳ್ಳರ ಹಾಗೆ.
ಅವಳು ನಾಯಿ ಹತ್ತಿರ ಹೋದಳು.
"ಏನೋ ಶಾರೊ, ಮನೇಲಿ ಯಾರೂ ಇಲ್ವೇನೋ? ನಿಂಗೆ ಸಾರು ಯಾರು ಹಾಕಿದ್ರಪ್ಪಾ? ಇನ್ನೂ ಹಬೆ ಆಡ್ತಿದೆಯಲ್ಲ." ಕತ್ತೆತ್ತಿ ಹೊಗೆಗೂಡು ನೋಡಿದಳು. ಹಿಮದ ಮೇಲೆ ನೋಡಿದಳು — ಬಾಗಿಲಿಂದ ನಾಯಿಗೂಡಿಗೆ ಹೋಗಿಬಂದ ವಿನ್ಕೊನ ಹೆಜ್ಜೆ. ಗೇಟಿನ ಕಡೆ ಅವಳದ್ದು ಬಿಟ್ಟರೆ ಒಂದೂ ಇಲ್ಲ.
ಅಷ್ಟರಲ್ಲಿ ಪಕ್ಕದೂರಿನ ಬ್ಲಾಜ್ ಅಕಾರ್ಡಿಯನ್ ಹೆಗಲಿಗೇರಿಸಿ ಬಂದ. ಅವನಿಗೂ ಸುದ್ದಿ ಮುಟ್ಟಿರಲಿಲ್ಲ.
"ಅವ್ರು ಊರಲ್ಲಿಲ್ಲ ಕಣೋ, ಮಗಳ ಮನೆಗೆ ಹೋಗಿದಾರೆ," ಅಂದಳು ಚಿಕ್ಕಮ್ಮ. ಹಾಗಾದರೆ ಗೊತ್ತಿತ್ತು ಅವಳಿಗೆ. ಸುಮ್ಮನೆ ಬಾಗಿಲ ಬಳಿ ನನಗೊಂದು ರೋಲ್ ಇಟ್ಟು ಹೋಗೋಣ ಅಂತ ಬಂದಿದ್ದಳು, ಅಭ್ಯಾಸಕ್ಕೆ ತಟ್ಟಿರಬೇಕು.
"ಮತ್ತೆ ಹೊಗೆ ಬರ್ತಿದೆ?"
"ಬೀಗದಕೈ ಕೊಟ್ಟು ಹೋಗಿದಾರೆ, ನಾನೇ ಒಲೆ ಹಚ್ಚಿದೆ. ನೀರಿನ ಪೈಪು ಹೆಪ್ಪುಗಟ್ಟಿದ್ರೆ ಪಾಪ, ಅವ್ರಿಗೇ ಕಷ್ಟ. ನಾಯಿಗೂ ಒಂಚೂರು ಹಾಕ್ದೆ. ನಡಿ ನಡಿ, ನನ್ ಕೈ ಹಿಡ್ಕೋ, ಜಾರುತ್ತೆ."
ಸಣ್ಣವಳಿದ್ದಾಗ ಒಂದು ಸುಳ್ಳಿಗೆ ನನ್ನ ಕಿವಿ ಕೆಂಪಗಾಗುವಂತೆ ಹಿಂಡಿದವಳು.
ಕತ್ತಲಾದ ಮೇಲೆ ಬಾಗಿಲು ತೆರೆದೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಅಕ್ರೋಟು ರೋಲ್. ಕಲ್ಲಿನಂತೆ ಗಟ್ಟಿಯಾಗಿತ್ತು ಚಳಿಗೆ.

ಡಿ. 28
ಅಂಗಡಿಯಲ್ಲಿ ಸಿಕ್ಕಳು. ಊರವರೆಲ್ಲ ಇದ್ದರು.
"ವರಾಜ್ದಿನ್ ಹೇಗಿತ್ತೇ, ಶ್ಟೆಫಾ?"
"ಚಳಿ, ಚಿಕ್ಕಮ್ಮ."
"ಮನೆ ಬೆಚ್ಚಗಿತ್ತು ತಾನೆ, ಬಂದಾಗ?"
"ಹ್ಞೂಂ. ಒಲೆ ಹಚ್ಚಿದ್ರಂತೆ... ಥ್ಯಾಂಕ್ಸ್."
ಥ್ಯಾಂಕ್ಸ್ ಅಂದೆ. ಎಲ್ಲರೂ ಅವಳನ್ನು ಹೊಗಳಿದರು. ಅವಳು ಚಿಲ್ಲರೆ ಎತ್ತಿಕೊಂಡು, ನನ್ನ ಕಡೆ ನೋಡದೆ ಹೋದಳು. ಪ್ರತಿ ಸಲ ನನ್ನ ಸ್ಕಾರ್ಫ್ ಸರಿಮಾಡಿ ಹೋಗುತ್ತಿದ್ದಳು.

ಜ. 2
ರೋಲ್ ಹಾಗೇ ಇದೆ. ಕತ್ತರಿಸೋಕೆ ಆಗಿಲ್ಲ. "ಹೋಗಿ ಬಾ, ಇಲ್ಲಾಂದ್ರೆ ಬರೋ ವರ್ಷ ಅವ್ರು ಈ ದಿಣ್ಣೆ ಹತ್ತಲ್ಲ," ಅಂದ ವಿನ್ಕೊ. ನನಗೂ ಅದೇ ಭಯ.
ಕೋಟು ಹಾಕಿಕೊಂಡೇ ಬರೀತಿದ್ದೇನೆ. ಕೆಳಗೆ ಅವಳ ಹೊಗೆಗೂಡಲ್ಲಿ ಹೊಗೆ ಕಾಣ್ತಿದೆ. ಮನೆಯಲ್ಲೇ ಇದ್ದಾಳೆ. ಹೇಗೆ ಶುರು ಮಾಡೋದು ಅಂತ ಇಲ್ಲೇ ಒಂದು ಸಲ ಬರೆದು ನೋಡ್ತೀನಿ —
ಚಿಕ್ಕಮ್ಮ, ಅವತ್ತು ನಾವು ಮನೇಲೇ...