ಸೂಜಿಯ ಬಾಯಿ ತೆರೆಸಬೇಡಿ

ವಾಹಿನಿಯ ಧಾರಾವಾಹಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ ಎಂದು ಬರೆದೆ, ಹೊಡೆದುಹಾಕಿದೆ, ಆ ಜಾಗದಲ್ಲಿ ಕೂರಿಸಲು ಅಚ್ಚಿಗೆ ಯೋಗ್ಯವಾದ ಬೇರೆ ಪದ ಹೊಳೆಯದೆ ಮತ್ತೆ ಬರೆದೆ. ಆದ್ದರಿಂದ, ಮಾನ್ಯರೇ: ತಾವು ಸೂಜಿಯನ್ನು ಕೆಡಿಸಿದ್ದೀರಿ. ಭಾನುವಾರ ಸಂಜೆಗಳಲ್ಲಿ ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಹೋಗುತ್ತಿದ್ದ ಒಬ್ಬ ಜಾಣ ಕಳ್ಳಿಯನ್ನು, ಕಾರಣ ಕೊಡದೆ, ನಾಚಿಕೆಪಡದೆ, ಒಂದು ಡಬ್ಬಿ ಕಾಡಿಗೆಯ ಖರ್ಚಿನಲ್ಲಿ ರಾಕ್ಷಸಿ ಮಾಡಿ ಕೂರಿಸಿದ್ದೀರಿ.

ತಮ್ಮ ವಾಹಿನಿಯನ್ನು ನೋಡದ ಪುಣ್ಯವಂತ ಓದುಗರಿಗಾಗಿ ಎರಡು ಮಾತು. ಸೂಜಿ ಎಂಬುದು ಆ ದೆವ್ವಗಳ ಧಾರಾವಾಹಿಯ ನಾಯಕಿಯ ಅಡ್ಡಹೆಸರು. ಎಂಥ ಬೀಗವನ್ನೂ ಒಂದು ಸೂಜಿಯಿಂದ ತೆಗೆಯುತ್ತಾಳೆ. ಸತ್ತ ಮೇಲೂ ಆಸೆ ಬಿಡದೆ ಪ್ರೇತಗಳು ಹಿಡಿದುಕೊಂಡು ಕೂತ ವಸ್ತುಗಳನ್ನು ಕದ್ದು ಬದುಕಿರುವವರಿಗೆ ಮುಟ್ಟಿಸುವುದು ಅವಳ ಕಸುಬು. ನಡುವೆ ತನ್ನ ಪಾಲು ಎತ್ತಿಕೊಳ್ಳಲು ಮರೆಯುವವಳಲ್ಲ. ದೀಪ ಹಚ್ಚಿದರೆ ಪ್ರೇತಕ್ಕೆ ಎಚ್ಚರವಾಗುತ್ತದೆ, ಹಾಗಾಗಿ ಎಲ್ಲ ಕೆಲಸವೂ ಕತ್ತಲಲ್ಲಿ, ಬೆರಳಿನಿಂದ ತಡವಿಯೇ. ಒಮ್ಮೆ ಒಂದು ಪ್ರೇತದ ಮೂಗಿನಿಂದಲೇ ಕನ್ನಡಕ ಎತ್ತಿಕೊಂಡು, "ಅಲ್ಲಿ ಓದೋಕೆ ಏನಿದೆಯಪ್ಪಾ ನಿಂಗೆ? ಬಿಡು, ನಿನ್ ಮೊಮ್ಮಗಂಗೆ ಪರೀಕ್ಷೆ" ಎಂದಿದ್ದಳು.

ಅಂಥವಳು ಈ ವರ್ಷ ಒಂದು ಕಪ್ಪು ಕನ್ನಡಿ ಕದ್ದಳು, ಅದರಲ್ಲಿ ಮುಖ ನೋಡಿಕೊಂಡಳು, ಕೆಟ್ಟವಳಾದಳು. ಅಷ್ಟೇ. ಜಡೆ ಬಿಚ್ಚಿತು, ಕಣ್ಣು ಕಪ್ಪಾಯಿತು, ನಡಿಗೆ ನಿಧಾನವಾಯಿತು. ಜಡೆ ಬಿಚ್ಚಿದೊಡನೆ ಬುದ್ಧಿಯೂ ಬಿಚ್ಚಿಕೊಳ್ಳುವುದಾದರೆ ತಲೆಗೆ ನೀರು ಹಾಕಿಕೊಂಡು ಬಂದ ಹೆಂಗಸರನ್ನೆಲ್ಲ ಕಂಡು ನಾವು ಓಡಬೇಕಲ್ಲವೇ? ತನ್ನನ್ನು ಸಾಕಿದ ಮುದುಕ ಬೀಗ ರಿಪೇರಿಯವನನ್ನೇ ಗಡಿಯಾರದ ಗೋಪುರದಿಂದ ಕೆಳಗೆ ನೂಕಿದಳು. ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. ಒಂದು ಹುಡುಗಿ ಎತ್ತಿಕೊಂಡಳು.

"ಯಾಕಮ್ಮಾ ಅವಳು ಕೆಟ್ಟೋಳಾದ್ಲು?"

"ಕಪ್ಪು ಕನ್ನಡಿ ನೋಡಿದ್ಲಲ್ಲ ಸರ್."

"ನಾನೂ ದಿನಾ ಕನ್ನಡಿ ನೋಡ್ತೀನಿ. ಯಾರನ್ನೂ ನೂಕಿಲ್ಲ."

"ಸರ್, ಈಗ ಡಾರ್ಕೇ ಓಡೋದು ಸರ್."

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ನಾಟಕ ಪಾಠ ಮಾಡುತ್ತಿದ್ದ ಮೇಷ್ಟ್ರು "ಮೋಟಿವ್, ಜಂಟಲ್‌ಮೆನ್, ಮೋಟಿವ್!" ಎಂದು ಮೇಜು ಗುದ್ದುತ್ತಿದ್ದರು. ಅವರು ಕಲಿಸಿದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದಿರುವುದು ಆ ಗುದ್ದು. ಟ್ರ್ಯಾಜಿಕ್ ಹೀರೋ ಬೀಳಬೇಕಾದರೆ ಅವನೊಳಗೇ ಒಂದು ಬಿರುಕು ಇರಬೇಕಂತೆ. ಅದಕ್ಕೊಂದು ಗ್ರೀಕ್ ಪದವೂ ಇತ್ತು, 'ಹ'ದಿಂದ ಶುರು, ಮುಂದಕ್ಕೆ ನೆನಪಿಲ್ಲ. ಅರ್ಧ ಪದ ಉಳಿಸಿಕೊಂಡಿರುವ ನನಗೇ ಇಷ್ಟು ತಿಳಿಯುವುದಾದರೆ, ಹವಾನಿಯಂತ್ರಿತ ಕೋಣೆಯಲ್ಲಿ ಉದ್ದದ ಮೇಜಿನ ಸುತ್ತ ಕೂತ ತಮಗೆಲ್ಲ ಏನು ಬಡಿದಿತ್ತು?

ಇಷ್ಟಕ್ಕೆಲ್ಲ ಒಬ್ಬ ಮುದುಕ ಪತ್ರಿಕೆಗೆ ಬರೆಯಬೇಕೇ ಎನ್ನುತ್ತೀರಿ. ಬರೆಯಬೇಕು. ನಮ್ಮ ಮನೆಯಲ್ಲಿ ನನ್ನ ನಾದಿನಿ ಇದ್ದಾಳೆ, ತೀರಿಹೋದ ನನ್ನ ಹೆಂಡತಿಯ ತಂಗಿ. ಬಟ್ಟೆ ಹೊಲಿಯುವವಳು. ಕೆಲವು ವರ್ಷಗಳ ಹಿಂದೆ ಕಣ್ಣು ಪೂರ್ತಿ ಹೋಯಿತು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಸಿ, ಮೇಲೊಂದು ಹೂಕುಂಡ ಇರಿಸಿ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಆಗ ಬಂದವಳು ಸೂಜಿ. ನನ್ನ ಹೆಂಡತಿ ತಂಗಿಯ ಪಕ್ಕ ಕೂತು ಪರದೆಯ ಮೇಲಿನದನ್ನು ಮೆಲುದನಿಯಲ್ಲಿ ಹೇಳುತ್ತಿದ್ದಳು. ಅವಳದೊಂದು ಕಟ್ಟುನಿಟ್ಟು: ಮಾತು ಬಂದಾಗ ಸುಮ್ಮನಿರಬೇಕು, ಮಾತಿಲ್ಲದ ಕಡೆ ಕಂಡದ್ದನ್ನಷ್ಟೇ ಹೇಳಬೇಕು, ಕೈಯಿಂದ ಏನೂ ಸೇರಿಸಬಾರದು. ಕೆಲವು ತಿಂಗಳಲ್ಲಿ ಹೂಕುಂಡ ಕಿಟಕಿಗೆ ಹೋಯಿತು. "ಅವಳು ಕತ್ತಲಲ್ಲಿ ತಿಜೋರಿ ತೆಗೀತಾಳೆ, ನಾನೊಂದು ದಿಂಬಿನ ಚೀಲ ಹೊಲಿಯಕ್ಕಾಗಲ್ವಾ?" ಎಂದು ನಾದಿನಿ ಯಂತ್ರದ ಮುಂದೆ ಕೂತಳು. ಬಟ್ಟೆ ಒತ್ತಿ ಹಿಡಿಯುವ ಪಾದದ ಪಕ್ಕ ರಟ್ಟಿನ ಪಟ್ಟಿಯೊಂದನ್ನು ಅಂಟಿಸಿ, ಅಂಚನ್ನು ಅದಕ್ಕೆ ಒರಗಿಸಿ ಹೊಲಿಯುತ್ತಾಳೆ. ಈಗ ನಮ್ಮ ಬೀದಿಯ ಅರ್ಧ ಕಿಟಕಿಗಳ ಪರದೆ ಅವಳದೇ.

ಹೆಂಡತಿ ಹೋದ ಮೇಲೆ ಹೇಳುವ ಕೆಲಸ ನನಗೆ ಬಂತು. ಚುಟುಕಾಗಿ ಹೇಳಿ ನನಗೆ ಅಭ್ಯಾಸವಿಲ್ಲ, ಅದು ಇಷ್ಟರಲ್ಲೇ ತಮಗೆ ತಿಳಿದಿರಬೇಕು. "ಭಾವ, ಅಲ್ಲಿ ಯಾರೋ ಕಿರುಚಿ ಆಯ್ತು, ನೀವಿನ್ನೂ ಮೆಟ್ಟಿಲ ಬಣ್ಣ ಹೇಳ್ತಿದೀರ" ಎಂದು ಬೈಸಿಕೊಂಡು ಕಲಿತೆ.

ಆಮೇಲೆ ಆ ಗೋಪುರದ ಕಂತು. ಮುದುಕ "ಮಗಳೇ!" ಎಂದು ಕೂಗಿದ. ಗುಡುಗು. ಪಿಟೀಲು. ಮತ್ತೆ ಗುಡುಗು. ನಾದಿನಿಯ ಮಡಿಲಲ್ಲಿ ಅಂಚು ಮಡಚುತ್ತಿದ್ದ ಕೈ ನಿಂತಿತು.

"ಏನಾಯ್ತು ಭಾವ?"

ನಾನು ಎದ್ದು ಟಿವಿಯ ದನಿ ತಗ್ಗಿಸಿದೆ.

"ಅವಳೂ ಹೋದ್ಲಾ? ಹಾಗಿದ್ರೆ ನಾಳೆ ಆ ಕುಂಡ ತಂದು ಮಷಿನ್ ಮೇಲೆ ಇಟ್ಬಿಡಿ" ಎಂದು ನಕ್ಕಳು. ಆ ನಗು ನನಗೆ ಸರಿಬರಲಿಲ್ಲ.

"ಮುದುಕ ಜಾರಿದ. ಇವಳು ಕೈ ಹಿಡ್ಕೊಂಡಿದಾಳೆ" ಎಂದೆ.

"ಬಿಡಲ್ಲ ತಾನೇ?"

"ಬಿಡೋಳಾ ಅವಳು?"

ಕೈ ಮತ್ತೆ ಮಡಚತೊಡಗಿತು.

ಕೆಟ್ಟವಳಾದ ಮೇಲೆ ತಾವು ಸೂಜಿಗೆ ಒಂದು ಮಾತನ್ನೂ ಬರೆಸಿಲ್ಲ. ದುಷ್ಟರಿಗೆ ಸಂಭಾಷಣೆ ಯಾಕೆ, ಗುಡುಗು ಸಾಕು ಎಂಬ ತಮ್ಮ ಸೋಮಾರಿತನ ನನಗೆ ಅನುಕೂಲವೇ ಆಯಿತು. ತಾವು ಅವಳ ಕೈಯಲ್ಲಿ ಊರಿಗೆ ಬೆಂಕಿ ಹಚ್ಚಿಸಿದಿರಿ. ನಾನು ಆ ಬೆಂಕಿಯೊಳಗಿಂದ ಒಂದು ತೊಟ್ಟಿಲು ಎತ್ತಿಸಿದೆ. ತಾವು ಮುದುಕನನ್ನು ಹೂತಿರಿ; ನನ್ನ ಕಥೆಯಲ್ಲಿ ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ, ಅಲ್ಲಿನ ಊಟ ಸೇರದೆ ಮುಖ ತಿರುಗಿಸಿ ಮಲಗಿದ್ದಾನೆ. ಊರಿನವರು ಅವಳನ್ನು ಪಿಶಾಚಿ ಎಂದು ಕೂಗಿದಾಗ "ಜನಕ್ಕೆ ಬುದ್ಧಿ ಇಲ್ಲ" ಎಂದೆ. "ಯಾವಾಗಿತ್ತು ಭಾವ?" ಎಂದು ನಾದಿನಿ ಒಪ್ಪಿದಳು. ಒಮ್ಮೆ ಮಾತ್ರ, "ಅಕ್ಕ ಇದ್ದಿದ್ರೂ ಹೀಗೇ ಹೇಳ್ತಿದ್ಲಾ?" ಎಂದು ಕೇಳಿದಳು. "ಇನ್ನೂ ಚುಟುಕಾಗಿ ಹೇಳ್ತಿದ್ಲು" ಎಂದೆ.

ತಮ್ಮ ಲೆಕ್ಕದಲ್ಲಿ ಒಳ್ಳೆಯದೆಂದರೆ ದೀಪ ಹಚ್ಚುವುದು, ಕೆಟ್ಟದ್ದೆಂದರೆ ಆರಿಸುವುದು. ಆತ್ಮದ ವಿಚಾರವನ್ನೆಲ್ಲ ಲೈಟ್‌ ಹುಡುಗರಿಗೆ ಬಿಟ್ಟು ತಾವು ಕಾಫಿಗೆ ಹೋಗುತ್ತೀರೋ ಹೇಗೆ? ತಾವು ಬೊಬ್ಬೆ ಹೊಡೆಯುವ ಆ ಕತ್ತಲಲ್ಲೇ ದಿನಾ ಎದ್ದು, ಹಲ್ಲುಜ್ಜಿ, ನನ್ನ ಅಂಗಿಗೆ ಗುಂಡಿ ಹಾಕಿ, ಗುಂಡಿ ಕಿತ್ತುಕೊಂಡದ್ದಕ್ಕೆ ನನ್ನನ್ನು ಬೈಯುವವಳೊಬ್ಬಳಿದ್ದಾಳೆ. ಅವಳನ್ನು ಯಾವುದೂ ನುಂಗಿಲ್ಲ. ನುಂಗಲು ಹೊರಟಿರುವುದು ತಾವು.

ಏಕೆಂದರೆ ಮೊನ್ನೆ ತಮ್ಮ ಜಾಹೀರಾತು ಬಂತು. ಸೂಜಿಯ ತುಟಿ ಅಲುಗಿತು, ದನಿ ಇರಲಿಲ್ಲ, ಕೆಳಗೆ ಕೆಂಪು ಅಕ್ಷರ: ಕೊನೆಯ ಕಂತು, ಕೊನೆಗೂ ಅವಳು ಮಾತಾಡುತ್ತಾಳೆ. "ಏನದು ಭಾವ, ಬರೀ ಸಂಗೀತ?" ಎಂದು ನಾದಿನಿ ಕೇಳಿದಳು. "ಸೋಪಿನ ಜಾಹೀರಾತು" ಎಂದೆ.

ಆದ್ದರಿಂದ ಈ ಬೇಡಿಕೆ. ಕಥೆ ಸರಿಪಡಿಸಿ ಎಂದು ಕೇಳುವುದಿಲ್ಲ, ಅಷ್ಟು ಯೋಗ್ಯತೆ ತಮ್ಮಲ್ಲಿದೆ ಎಂಬ ಭ್ರಮೆ ನನಗಿಲ್ಲ. ಆ ಒಂದು ಕಂತಿನಲ್ಲಿ ಅವಳ ಬಾಯಿ ಮುಚ್ಚಿಸಿಡಿ. ತಾನು ಯಾರನ್ನು ಕೊಂದೆ, ಏನಾದೆ ಎಂದು ಅವಳಿಂದ ಹೇಳಿಸಬೇಡಿ. ಗುಡುಗು ಎಷ್ಟು ಬೇಕಾದರೂ ಇರಲಿ, ಪಿಟೀಲು ತಂತಿ ಹರಿಯುವವರೆಗೂ ಕುಯ್ಯಲಿ. ಈ ಪತ್ರ ನಾದಿನಿಗೆ ತಿಳಿಯುತ್ತದೆಂಬ ಅಂಜಿಕೆ ಬೇಡ, ಪತ್ರಿಕೆ ಓದಿ ಹೇಳುವವನೂ ನಾನೇ. ತಾವು ಸುಮ್ಮನಿದ್ದರೆ ಸಾಕು, ಸೂಜಿಯನ್ನು ಆ ಕತ್ತಲಿಂದ ಹೊರಗೆ ನಡೆಸಿಕೊಂಡು ಬರುವುದು ನನಗಿರಲಿ.

'ಯುವರ್ಸ್ ಫೇತ್‌ಫುಲಿ' ಎಂದು ಬರೆಯಲು ಕೈ ಬರುತ್ತಿಲ್ಲ. ಹಾಗಾಗಿ,

ಇಂತಿ,
ತಾವು ಕೆಡಿಸಿದ್ದನ್ನು ಭಾನುವಾರಗಳಂದು ಸಂಬಳವಿಲ್ಲದೆ ರಿಪೇರಿ ಮಾಡುವ,
ಕೈಯಿಂದ ಏನೂ ಸೇರಿಸಬಾರದೆಂದಿದ್ದವಳ ಗಂಡ