ನನ್ನದು ಹಿಂದೆ ಬರುತ್ತಿದೆ

ಜನವರಿ 8

ಇವತ್ತೂ ಬರಿಗೈ. ಬೆಳಗಾಗುವ ಮೊದಲೇ ಎದ್ದು, ಥರ್ಮಾಸಿಗೆ ಕಾಫಿ ತುಂಬಿ, ದಿಬ್ಬದ ಮೇಲೆ ಹೋಗಿ ಹಿಮದಲ್ಲಿ ಬೋರಲು ಮಲಗಿದ್ದಷ್ಟೇ ಬಂತು. ಎಲ್ಕ್ ಕಡವೆಗಳ ಹಿಂಡು ಕಣ್ಣೆದುರೇ ಇತ್ತು — ಆಲ್ವಾ ಪ್ರೂಯಿಟ್‌ಳ ಬೇಲಿಯಾಚೆ, ಅವಳ ದನಗಳ ಜೊತೆ ಅವಳದೇ ಒಣಹುಲ್ಲು ತಿನ್ನುತ್ತ. ಬೇಲಿಯ ಈಚೆ ಸರ್ಕಾರಿ ಬಯಲು, ಇಲ್ಲಿ ಹೊಡೆಯಬಹುದು. ಆಚೆ ಹೊಡೆಯುವ ಹಾಗಿಲ್ಲ. ಆ ಪ್ರಾಣಿಗಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಯಾರು ಹೇಳಿಕೊಟ್ಟರೋ!

ಪಕ್ಕದಲ್ಲಿ ಗಂಡ ವೆಂಡೆಲ್. ಒಂದೇ ಸಮನೆ ಪಿಸುಪಿಸು. "ಮೊಣಕೈ ಒಳಗೆ ತಗೋ ನೋರೀನ್. ಕೆನ್ನೆ ಅಷ್ಟು ಒತ್ತಬೇಡ. ಉಸಿರು... ಉಸಿರು ಬಿಡು."

"ಬಿಡದೇ ಇದ್ದಿದ್ರೆ ಇಷ್ಟೊತ್ತಿಗೆ ಸತ್ತಿರ್ತಿದ್ದೆ ಮಾರಾಯ."

ಹೊಡೆಯಲು ಏನೂ ಇಲ್ಲ, ಪಾಠ ಮಾತ್ರ ನಿಲ್ಲದು. ಇಪ್ಪತ್ತು ವರ್ಷ ವೆಂಡೆಲ್ ಹೊಡೆದ, ನಾನು ದುರ್ಬೀನು ಹಿಡಿದೆ, ಮಾಂಸ ಹೊತ್ತೆ. ಈ ಸಲ ಅವನ ಭುಜಕ್ಕೆ ಆಪರೇಷನ್. ಕೋವಿಯ ಒದೆತ ತಡೆಯುವುದಿಲ್ಲ. ಹಾಗಾಗಿ ಟ್ಯಾಗ್, ಅಂದರೆ ಬೇಟೆಯ ಪರವಾನಗಿ ಚೀಟಿ, ನನ್ನ ಹೆಸರಿನಲ್ಲಿ. ಒಂದು ಹೆಣ್ಣು ಎಲ್ಕ್, ತಿಂಗಳ ಕೊನೆಯವರೆಗೆ ಅವಕಾಶ. ಫ್ರೀಜರಿನಲ್ಲಿ ಬಟಾಣಿ ಇದೆ, ನಾದಿನಿ ಕೊಟ್ಟ ಮೀನಿದೆ. ಅಷ್ಟೇ.

ನಾನೂ ಜಿಂಕೆ ಹೊಡೆದವಳೇ. ಅದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜನವರಿ 12

ರಾತ್ರಿಯಿಡೀ ಹಿಮ. ಹಿಮ ಬಿದ್ದರೆ ಎಲ್ಕ್ ಬೆಟ್ಟ ಇಳಿದು ಬಯಲಿಗೆ ಬರುತ್ತವೆ. ಹಿಮ ಬಿದ್ದರೆ ನಾನು ಕೌಂಟಿಯ ಲಾರಿ ಹತ್ತಿ ರಸ್ತೆ ಮೇಲಿನ ಹಿಮ ತಳ್ಳಬೇಕು. ಎಂಥ ಕೆಲಸ ಆರಿಸಿಕೊಂಡೆ!

ಬೆಳಿಗ್ಗೆ ದಿಬ್ಬದ ತಿರುವಿನಲ್ಲಿ ಅವೇ. ಸರ್ಕಾರಿ ಬಯಲಿನ ನಟ್ಟನಡುವೆ, ರಸ್ತೆಗೆ ಕೂಗಳತೆ ದೂರದಲ್ಲಿ, ಇಡೀ ಹಿಂಡು. ನನ್ನ ಕೈಯಲ್ಲಿ ಸ್ಟೀರಿಂಗ್. ಕೋವಿ ಮನೆಯಲ್ಲಿ. ಒಂದು ಮುದಿ ಹೆಣ್ಣು ತಲೆಯೆತ್ತಿ ಲಾರಿಯನ್ನು ನೋಡಿತು, ಮತ್ತೆ ಮೇಯತೊಡಗಿತು. ಹಾರ್ನ್ ಒತ್ತಿದೆ, ಸುಮ್ಮನೆ ಹೊಟ್ಟೆಕಿಚ್ಚಿಗೆ. ಅವು ಕದಲಲೂ ಇಲ್ಲ.

ಜನವರಿ 16

ಗಾಳಿ. ಹೋಗಲಿಲ್ಲ. ಊಟದ ಹೊತ್ತಿಗೆ ಜಗಳ. ನಾನೂರು ಗಜ ದಾಟಿದರೆ ಹೊಡೆಯುವುದಿಲ್ಲ ಅಂದೆ. ಅಷ್ಟರವರೆಗೆ ನನ್ನ ಕೈ ಮೇಲೆ ನನಗೆ ನಂಬಿಕೆ ಇದೆ. ಆಮೇಲೆ ಇಲ್ಲ.

"ಈ ಬಯಲಲ್ಲಿ ನಾನೂರರಷ್ಟು ಹತ್ತಿರಕ್ಕೆ ಅವು ಬಿಡ್ತವಾ ನಿನ್ನ? ಅಡಗೋಕೆ ಒಂದು ಗಿಡ ಇಲ್ಲ, ಬಂಡೆ ಇಲ್ಲ. ಡಾರೆಲ್ ಏಳ್ನೂರಕ್ಕೆ ಹೊಡ್ದಿದ್ದಾನೆ."

ಡಾರೆಲ್ ಅಂದರೆ ಇವನ ತಮ್ಮ. ಪ್ರತಿ ಕ್ರಿಸ್‌ಮಸ್‌ಗೂ ಆ ಏಳ್ನೂರು ಗಜ ಒಂದಷ್ಟು ಬೆಳೆಯುತ್ತದೆ.

"ಹಾಗಾದ್ರೆ ಡಾರೆಲ್‌ನೇ ಮದುವೆ ಆಗಬೇಕಿತ್ತು ನಾನು" ಅಂದೆ. ನಗಲಿಲ್ಲ. ತಟ್ಟೆ ತೊಳೆದಿಟ್ಟು ಹೋದ. ಅಷ್ಟಾದರೂ ಮಾಡಿದ.

ಜನವರಿ 19

ಹೊಡೆದೆ. ಬರೆಯಲು ಮನಸ್ಸಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಹಿಂಡು ಬೆಳಿಗ್ಗೆ ಬೇಲಿ ದಾಟಿ ಈಚೆ ಬಂತು. ಒಂದು ಹೆಣ್ಣು ಅಂಚಿನಲ್ಲಿ ಅಡ್ಡ ನಿಂತಿತು. ಗಾಳಿ ಹೆಚ್ಚಿರಲಿಲ್ಲ, ಆದರೆ ಪುಡಿ ಹಿಮ ನೆಲದಗುಂಟ ಹೊಗೆಯ ಹಾಗೆ ಓಡುತ್ತಿತ್ತು. ವೆಂಡೆಲ್ ದೂರ ಅಳೆಯುವ ಯಂತ್ರ ಕಣ್ಣಿಗೆ ಹಿಡಿದು ಗುಂಡಿ ಒತ್ತಿದ.

"ನಾನೂರ ಎಪ್ಪತ್ತು."

"ನನ್ನ ಮಿತಿ ನಾನೂರು."

"ಎಪ್ಪತ್ತು ಗಜಕ್ಕೆ ಏನು ಆಕಾಶ ಬೀಳುತ್ತಾ? ಕೋವಿಯ ಸ್ಕೋಪಿನ ಡಯಲ್ ಅಷ್ಟು ದೂರಕ್ಕೆ ತಿರುಗಿಸು, ಎದೆಗೆ ಗುರಿ ಇಡು, ಒತ್ತು. ಮುಗೀತು."

"ನನಗ್ಯಾಕೋ ಇನ್ನೂ ದೂರ ಇದೆ ಅನ್ಸುತ್ತೆ."

"ಯಂತ್ರಕ್ಕಿಂತ ನಿನ್ನ ಕಣ್ಣು ದೊಡ್ಡದಾ? ಬೇಗ ಕಣೇ, ತಿರುಗ್ತಾ ಇದೆ!"

ತಿರುಗಿಸಿದೆ. ಇಟ್ಟೆ. ಒತ್ತಿದೆ. ಹೆಣ್ಣು ಮುಗ್ಗರಿಸಿತು. ಒಂದು ಗಳಿಗೆ ಸಂತೋಷವೂ ಆಯಿತು, ಸುಳ್ಳು ಯಾಕೆ. ಆಮೇಲೆ ಎದ್ದಿತು — ಮುಂಗಾಲು ಜೋಲಾಡುತ್ತಿತ್ತು. ಮೂರು ಕಾಲಲ್ಲಿ ಹಿಂಡಿನ ಹಿಂದೆ ಓಡಿತು. ನಾನು ಇನ್ನೊಂದು ಗುಂಡು ತುಂಬುವಷ್ಟರಲ್ಲಿ ಎಲ್ಲವೂ ಬೇಲಿಯಾಚೆ.

"ಎಳೆದುಬಿಟ್ಟೆ" ಅಂದ ವೆಂಡೆಲ್. "ಟ್ರಿಗರ್ ಒತ್ತಲಿಲ್ಲ ನೀನು, ಎಳೆದೆ. ಕೋವಿ ಅಲುಗಿತು."

ಎಳೆದೆನಾ? ಗೊತ್ತಿಲ್ಲ. ಎಳೆದಿರಬಹುದು. ಹಿಮದ ಮೇಲೆ ರಕ್ತ ಇತ್ತು, ಬೇಲಿಯವರೆಗೂ.

ಜನವರಿ 20

ಆಲ್ವಾ ಒಳಗೆ ಬಿಟ್ಟಳು. ಗೇಟಿನ ಹತ್ತಿರ ಟ್ರ್ಯಾಕ್ಟರಿಂದ ಇಳಿಯದೆಯೇ ಮಾತಾಡಿದಳು. "ಹುಡುಕೋಕೆ ಬನ್ನಿ. ಸತ್ತು ಬಿದ್ದಿದ್ರೆ ಎಳ್ಕೊಂಡು ಹೋಗಿ. ಬದುಕಿದ್ರೆ ಇಲ್ಲಿ ಗುಂಡು ಹಾರಿಸಬೇಡಿ. ನನ್ನ ದನ ಎಲ್ಲ ತುಂಬು ಗಬ್ಬ. ಬೆದರಿ ಓಡಿ ಕರು ಕಳಕೊಂಡ್ರೆ ನೀವು ಕೊಡ್ತೀರಾ?"

ನ್ಯಾಯವೇ. ಮಧ್ಯಾಹ್ನದವರೆಗೆ ನಡೆದೆವು. ರಕ್ತ ಮೊದಲು ಅಂಗೈಯಗಲ, ಆಮೇಲೆ ನಾಣ್ಯದಷ್ಟು, ಆಮೇಲೆ ಚುಕ್ಕೆ, ಆಮೇಲೆ ನೂರಾರು ಗೊರಸುಗಳ ತುಳಿತದಲ್ಲಿ ಏನೂ ಇಲ್ಲ. ಸತ್ತಿಲ್ಲ. ಎಲ್ಲೋ ನೋಯುತ್ತ ನಿಂತಿದೆ. ಆ ಯೋಚನೆಗೆ ಊಟ ಸೇರಲಿಲ್ಲ.

ಈ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಮಾವನ ಕಾಲದ್ದು. ಪ್ರಾಣಿಯ ರಕ್ತ ನೆಲಕ್ಕೆ ಬಿತ್ತೋ, ಅದೇ ನಿನ್ನ ಪ್ರಾಣಿ. ಸಿಕ್ಕರೂ ಅದೇ, ಸಿಗದಿದ್ದರೂ ಅದೇ. ಸಿಗದಿದ್ದರೆ ಬೇಟೆ ಮುಗಿದ ಹಾಗೆ ಟ್ಯಾಗಿನ ಮೇಲಿನ ತಾರೀಕು ಕತ್ತರಿಸಿ ಬಿಸಾಕು, ಬೇರೆಯದಕ್ಕೆ ಕೋವಿ ಎತ್ತಬೇಡ. ಕಾನೂನು ಹಾಗೆ ಹೇಳುವುದಿಲ್ಲ, ಈ ಮನೆ ಹೇಳುತ್ತದೆ. ಮದುವೆಯಾದ ಹೊಸದರಲ್ಲಿ ವೆಂಡೆಲ್ ಒಂದು ಗಂಡು ಎಲ್ಕ್ ಗಾಯ ಮಾಡಿ ಕಳೆದುಕೊಂಡ. ಅಡುಗೆಮನೆ ಮೇಜಿನ ಮೇಲೇ ಟ್ಯಾಗ್ ಕತ್ತರಿಸಿದ. ಆ ಚಳಿಗಾಲವಿಡೀ ಅಂಗಡಿ ಕೋಳಿ ತಿಂದೆವು. ಅವತ್ತು ಇವನನ್ನು ಎಷ್ಟು ಮೆಚ್ಚಿಕೊಂಡಿದ್ದೆ!

ಇವತ್ತು ನಾನೇ ಕತ್ತರಿ ತಂದು ಅದೇ ಮೇಜಿನ ಮೇಲಿಟ್ಟೆ.

"ಏನು ಅದು?"

"ಟ್ಯಾಗ್ ಕತ್ತರಿಸ್ತೀನಿ."

"ಹುಚ್ಚಾ? ನೀನು ಕಲಿಯೋಳು. ಕಲಿಯೋರಿಗೆ ಆ ಕಟ್ಟಳೆ ಇಲ್ಲ. ಇನ್ನೂ ದಿನ ಇದೆ, ಇನ್ನೊಂದು ಹೊಡಿ."

ಕಲಿಯೋಳು! ನನ್ನ ಮಂಡಿ ಚಿಪ್ಪು ಸವೆದದ್ದು ಇವನ ಎಲ್ಕ್ ತೊಡೆಗಳನ್ನು ಬೆನ್ನ ಮೇಲೆ ಹೊತ್ತು. ಅವನು ಹೊಡೆದರೆ ಕಟ್ಟಳೆ ಇದೆ, ನಾನು ಹೊಡೆದರೆ ರಿಯಾಯಿತಿ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕತ್ತರಿ ಒಳಗಿಟ್ಟೆ. ಅವನ ಮಾತು ಕೇಳಿ ಅಲ್ಲ. ಅದು ಬದುಕಿದೆ. ತಿಂಗಳ ಕೊನೆಯವರೆಗೂ ಅದನ್ನೇ ಹುಡುಕುತ್ತೇನೆ. ಸಿಗದಿದ್ದರೆ ಆಗ ಕತ್ತರಿಸುತ್ತೇನೆ.

ಜನವರಿ 27

ವಾರವಿಡೀ ಲಾರಿ. ಹಿಮ, ಗಾಳಿ, ಮತ್ತೆ ಹಿಮ. ತಳ್ಳಿದ ರಸ್ತೆ ಹಿಂದೆಯೇ ಮುಚ್ಚುತ್ತಿತ್ತು. ಬಯಲು ಕಾಣಲೇ ಇಲ್ಲ. ಮೂರು ಕಾಲಿನ ಪ್ರಾಣಿ ಇಷ್ಟು ಹಿಮದಲ್ಲಿ ಕೆರೆದು ಹುಲ್ಲು ತಿನ್ನುವುದು ಹೇಗೆ? ಕೆರೆಯುವುದೇ ಮುಂಗಾಲಲ್ಲಿ.

ಮನೆಗೆ ಬಂದರೆ ವೆಂಡೆಲ್ ಖಾರದ ಹುರುಳಿ ಸಾರು, ಚಿಲಿ, ಮಾಡಿದ್ದ, ಅಂಗಡಿ ಕೋಳಿ ಹಾಕಿ. ನಾನು ಎರಡು ಬಟ್ಟಲು ತಿಂದೆ. ಅವನೂ.

ಜನವರಿ 29

ಇದೆ! ಬದುಕಿದೆ!

ರಜೆ ಸಿಕ್ಕ ಕೂಡಲೆ ದಿಬ್ಬಕ್ಕೆ ಹೋದೆ, ಒಬ್ಬಳೇ. ಮುಕ್ಕಾಲಿಯ ದುರ್ಬೀನಿನಲ್ಲಿ ಒಂದೊಂದನ್ನೂ ನೋಡಿದೆ. ಆಲ್ವಾಳ ಹುಲ್ಲಿನ ಬಣವೆಯ ಹತ್ತಿರ, ಉಳಿದವುಗಳಿಂದ ದೂರ. ಎಡ ಮುಂಗಾಲು ನೆಲಕ್ಕೆ ಊರುವುದಿಲ್ಲ. ಪಕ್ಕೆಲುಬು ಕಾಣುತ್ತಿವೆ. ಉಳಿದವು ಬಣವೆ ಬಿಟ್ಟುಕೊಟ್ಟ ಮೇಲೆ ಇದರ ಸರದಿ.

ಆಲ್ವಾಗೆ ಫೋನ್ ಮಾಡಿ ಬೇಡಿಕೊಂಡೆ. ಒಂದೇ ಗುಂಡು, ಕಷ್ಟ ತಪ್ಪಿಸಿದ ಹಾಗಾಗುತ್ತೆ ಅಂದೆ. "ನಿನ್ನೆ ಎರಡು ಹಸು ಈದಿವೆ ನೋರೀನ್. ನನ್ನನ್ನ ಕೇಳಲೇಬೇಡ" ಅಂದಳು. ಅವಳ ಗಂಟಲಲ್ಲೂ ನಿದ್ದೆಯಿಲ್ಲದ ದನಿ. ಫೋನಿಟ್ಟು ಗೋಡೆಗೆ ಕೈ ಗುದ್ದಿಕೊಂಡೆ. ಗೋಡೆಗೇನಾಗಬೇಕು.

ಜನವರಿ 30

ಹಿಂಡು ಈಚೆ ಬರಲಿಲ್ಲ. ಇಡೀ ದಿನ ಮಲಗಿ ಕಾದೆ. ಥೂ.

ಜನವರಿ 31, ಸಂಜೆ

ಆದದ್ದು ಆದ ಹಾಗೆ ಬರೆದುಬಿಡುತ್ತೇನೆ.

ಕೊನೇ ದಿನ ಅಂತ ವೆಂಡೆಲ್ ಕೂಡ ಬಂದ, ಹಿಮದ ಮೇಲೆ ಮಾಂಸ ಎಳೆಯುವ ಸ್ಲೆಡ್ ಸಮೇತ. ಮಧ್ಯಾಹ್ನ ಇಳಿದ ಮೇಲೆ ಹಿಂಡು ಬೇಲಿ ಹಾರತೊಡಗಿತು. ನಮ್ಮ ಕಡೆಗೇ. ಗಾಳಿ ಮುಖಕ್ಕೆ ಬೀಸುತ್ತಿತ್ತು, ನಮ್ಮ ವಾಸನೆ ಅವಕ್ಕಿಲ್ಲ. ಹತ್ತಿರ, ಇನ್ನೂ ಹತ್ತಿರ. ಕೊಬ್ಬಿದ ಒಂದು ಹೆಣ್ಣು ಅಡ್ಡಡ್ಡ ನಿಂತಿತು.

"ಇನ್ನೂರ ಹತ್ತು" ಅಂದ. "ಇನ್ನೂರ ಹತ್ತು ಕಣೇ! ನಮ್ಮಮ್ಮನೂ ಹೊಡೀತಾಳೆ. ಹೊಡಿ."

"ಅದು ನನ್ನದಲ್ಲ."

"ನಿನ್ನದಲ್ಲ ಅಂದ್ರೆ? ಟ್ಯಾಗ್ ನಿನ್ನದು, ಕೋವಿ ನಿನ್ನ ಕೈಲಿದೆ—"

"ನನ್ನದು ಹಿಂದೆ ಬರ್ತಿದೆ."

ದುರ್ಬೀನು ಎತ್ತಿದ. ಬೇಲಿಯ ಹತ್ತಿರ ಅದೊಂದೇ, ಹಾರಲಾರದೆ, ಹಾರುವ ಜಾಗ ಹುಡುಕುತ್ತ ಓಡಾಡುತ್ತಿತ್ತು. ಕೊನೆಗೆ ತಂತಿ ಸಡಿಲವಾಗಿದ್ದ ಕಡೆ ನುಸುಳಿತು. ಬಿತ್ತು. ಎದ್ದಿತು. ಈಚೆ ಬಂತು. ವೆಂಡೆಲ್ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ.

"ಕತ್ತಲಾಗುತ್ತೆ" ಅಂದ, ಮೆತ್ತಗೆ. "ಅದು ಅಷ್ಟು ದೂರ ಬರೋಲ್ಲ. ಇದೂ ಹೋಗುತ್ತೆ, ಅದೂ ಹೋಗುತ್ತೆ."

"ಹೋಗ್ಲಿ."

ಕೊಬ್ಬಿದ್ದು ನಡೆದು ಹೋಯಿತು. ಹಿಂಡೆಲ್ಲ ಅದರ ಹಿಂದೆ. ನನ್ನ ಮೂರು ಕಾಲಿನದು ಬಯಲಿನ ನಡುವೆ ನಿಂತುಬಿಟ್ಟಿತು. ಗಾಳಿ ಜೋರಾಗಿ ಪುಡಿ ಹಿಮ ಏಳತೊಡಗಿತು. ವೆಂಡೆಲ್ ಗುಂಡಿ ಒತ್ತಿದ.

"ಮುನ್ನೂರ ಹತ್ತು... ಇರು." ಮತ್ತೆ ಒತ್ತಿದ. "ನೂರ ತೊಂಬತ್ತು." ಗಾಜು ಒರೆಸಿದ. ಮತ್ತೆ. "ಐನೂರ ಅರವತ್ತು."

ಪ್ರಾಣಿ ಒಂದು ಹೆಜ್ಜೆಯೂ ಕದಲಿರಲಿಲ್ಲ.

"ಅದು ಎಲ್ಕ್ ಅಳೀತಿಲ್ಲ ವೆಂಡೆಲ್" ಅಂದೆ. "ಮಧ್ಯೆ ಹಾರ್ತಿರೋ ಹಿಮ ಅಳೀತಿದೆ."

ಅವತ್ತೂ ಹಿಮ ಹಾರುತ್ತಿತ್ತು. ಅವನು ಒಂದೇ ಸಲ ಒತ್ತಿದ್ದ. ಹತ್ತಿರದ ಅಂಕಿ ತೋರಿಸಿತು, ನಾನು ಅದಕ್ಕೇ ತಿರುಗಿಸಿದೆ. ಗುಂಡು ಎದೆಗೆ ಬೀಳಬೇಕಾದದ್ದು ಕೆಳಗೆ ಕಾಲಿಗೆ ಬಿತ್ತು. ಹನ್ನೆರಡು ದಿನ ನನ್ನ ಬೆರಳನ್ನು ನಾನೇ ಬೈದುಕೊಂಡಿದ್ದೇನೆ! ಅವನ ಮುಖ ನೋಡಿದೆ. ಅವನು ಯಂತ್ರವನ್ನೇ ನೋಡುತ್ತಿದ್ದ. ಮತ್ತೆ ಅಳೆಯದೆ ಅದನ್ನು ಜೇಬಿಗಿಟ್ಟ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಕೋವಿ ಮೊಣಕೈಗಳ ಮೇಲೆ ಹೊತ್ತು ತೆವಳಿದೆ. ಬೇಟೆಗಾರರಿಗೆ ಕಡ್ಡಾಯದ ಕಿತ್ತಳೆ ಟೋಪಿ, ಬಿಳಿ ಬಯಲು. ಹಿಮ ಎದ್ದಾಗ ಮುಂದೆ, ಇಳಿದಾಗ ಅಲುಗಾಡದೆ. ಕೊರಳಪಟ್ಟಿಯೊಳಗೆ, ತೋಳಿನೊಳಗೆ, ಎಲ್ಲೆಲ್ಲೂ ಹಿಮ. ಮಂಡಿ ಸತ್ತುಹೋಯಿತು. ಅದು ಎರಡು ಸಲ ನನ್ನ ಕಡೆ ನೋಡಿತು. ಓಡಲು ಅದಕ್ಕೂ ಮನಸ್ಸಿರಲಿಲ್ಲವೇನೋ. ಕಿವಿಯ ಅಂಚಿನ ಕೂದಲು ಸ್ಕೋಪಿನಲ್ಲಿ ಕಾಣುವಷ್ಟು ಹತ್ತಿರ ಹೋದ ಮೇಲೆ ಡಯಲ್ ತಿರುಗಿಸುವ ಮಾತೇ ಇರಲಿಲ್ಲ. ಎದೆಗೆ ಇಟ್ಟೆ. ಒತ್ತಿದೆ — ಎಳೆಯಲಿಲ್ಲ. ಅಲ್ಲೇ ಕುಸಿಯಿತು.

ಹತ್ತಿರ ಹೋಗಿ ಕೂತು ಅತ್ತೆ. ಹೊಡೆದದ್ದಕ್ಕಲ್ಲ. ಇಷ್ಟು ದಿನ ಅದು ನಿಂತೇ ಇತ್ತಲ್ಲ, ಅದಕ್ಕೆ.

ವೆಂಡೆಲ್ ಒಂದೇ ಕೈಯಲ್ಲಿ ಸ್ಲೆಡ್ ಎಳೆದುಕೊಂಡು ಬಂದ. ಮುರಿದ ಕಾಲಿನ ಮುಂದೆ ಮಂಡಿಯೂರಿ, ಬೆರಳಿಟ್ಟು ಗಾಯ ನೋಡಿದ. ಒಣಗಿ ಕಪ್ಪಾಗಿತ್ತು. ನಾನು ಟ್ಯಾಗ್ ತೆಗೆದು ಇವತ್ತಿನ ತಾರೀಕು ಕತ್ತರಿಸಿ ಕಟ್ಟಿದೆ. ಚಾಕು ಕೊಟ್ಟ. ಹೊಟ್ಟೆ ಸೀಳುವಾಗ ಒಳ್ಳೆಯ ಕೈಯಲ್ಲಿ ಹಿಂಗಾಲು ಹಿಡಿದುಕೊಂಡ. ಹೀಗೆ ಕುಯ್ಯಿ, ಹಾಗೆ ಕುಯ್ಯಿ ಅನ್ನಲಿಲ್ಲ. ಮಾಂಸ ಕಡಿಮೆ, ತುಂಬಾ ಸೊರಗಿದೆ. ಪರವಾಗಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಎಳೆದೆವು. ಏನಾದರೂ ಹೇಳುತ್ತಾನೆ ಅಂತ ಕಾದೆ. ಹೇಳಲಿಲ್ಲ. ಟ್ರಕ್ಕಿನ ಬಾಗಿಲು ದಡಾರಂತ ಹಾಕಿದೆ, ಕೇಳಲಿ ಅಂತ.

ಈಗ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಅವನು ಫೋನಿನಲ್ಲಿ. ಆ ಕಡೆ ಡಾರೆಲ್ ಇರಬೇಕು, ಇಲ್ಲಿಗೂ ಕೇಳುವ ಹಾಗೆ ಅರಚುವವನು ಅವನೊಬ್ಬನೇ. ಎಷ್ಟು ಗಜ, ಎಷ್ಟು ಗಜ ಅಂತ ಅದೊಂದೇ ಪ್ರಶ್ನೆ.

"ಅಳೀಲಿಲ್ಲ" ಅನ್ನುತ್ತಿದ್ದಾನೆ ವೆಂಡೆಲ್. "ತೆವಳಿಕೊಂಡು ಹೋಗಿ ಹತ್ತಿರದಿಂದ ಹೊಡೆದಳು... ಇಲ್ಲ ಕಣೋ, ನಗಬೇಡ. ಕಾಲಿಗೆ ಬಿದ್ದಿದ್ದು ಅವಳ ತಪ್ಪಲ್ಲ. ದೂರ ಹೇಳಿದ್ದು ನಾನು. ತಪ್ಪು ಹೇಳಿದ್ದೆ. ಅವಳು ಆವತ್ತೇ ಅಂದಳು, ದೂರ ಇದೆ ಅಂತ, ನಾನು ಕೇಳಲಿಲ್ಲ... ಹೂಂ... ಇನ್ನೂ ಹೇಳಿಲ್ಲ ಅವಳಿಗೆ. ಈಗ ಹೋಗಿ ಹೇಳ್ತೀನಿ."

ಫೋನಿಟ್ಟ. ಕುರ್ಚಿ ಸರಿದ ಸದ್ದು. ಬರುತ್ತಿದ್ದಾನೆ, ನಾನು ಏನೂ ಕೇಳಿಸಿಕೊಂಡಿಲ್ಲ ಅನ್ನೋ ಹಾಗೆ ಮುಖ ಮಾಡಿಕೊಳ್ಳಬೇಕು—