ಸನ್ಮಾನಕ್ಕೆಂದು ಕರೆದು ಬಿಸಿಲಲ್ಲಿ ನಿಲ್ಲಿಸಿದಿರಿ

ಸಯನ್, ಮುಂಬಯಿ
ಜೂನ್ 1954

ಸಾಂತಾಕ್ರೂಜ್ ಮೈದಾನದ ಯೋಧರ ಸನ್ಮಾನವನ್ನು ಬಹಳ ಚೆಂದಕ್ಕೆ ನಡೆಸಿಕೊಟ್ಟ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಹೊರಟೆ, ಕೈ ಬರಲಿಲ್ಲ. ಹೋದ ತಿಂಗಳು ನನ್ನ ತಮ್ಮ ರಮಾನಾಥನನ್ನು ಸನ್ಮಾನಕ್ಕೆಂದು ಕರೆಸಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದಿರಿ. ಅವನು ಇನ್ನೂ ನಿಂತೇ ಇದ್ದಾನೆ.

ತಮಗೆ ಗೊತ್ತಿರುವುದು ಅವನ ಪದಕ ಮಾತ್ರ. ಕಳೆದ ಮಹಾಯುದ್ಧದಲ್ಲಿ ಅವನು ಬ್ರಿಟಿಷರ ನೌಕಾಪಡೆಯ ಹಡಗಿನಿಂದ ಯುದ್ಧವಿಮಾನ ಹಾರಿಸಿದವನು. ಸುಮಾತ್ರದ ಹತ್ತಿರ ಗುಂಡು ತಗಲಿ ವಿಮಾನ ಸಮುದ್ರಕ್ಕೆ ಬಿತ್ತು. ಜಪಾನಿಯರು ಹಿಡಿದು ಸೆರೆಶಿಬಿರಕ್ಕೆ ಹಾಕಿದರು. ಅಲ್ಲಿ ದಿನಾ ಹಾಜರಿಗೆಂದು ಎಲ್ಲರನ್ನೂ ಬಯಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಅಧಿಕಾರಿಯೇ ಬಂದು ಹೇಳುವತನಕ ಯಾರೂ ಕೂರುವಂತಿಲ್ಲ. ಒಬ್ಬ ಕೂತರೆ ಪಕ್ಕದವನಿಗೆ ಪೆಟ್ಟು. ಇವನು ಒಮ್ಮೆ ತಲೆ ಸುತ್ತಿ ಕೂತ. ಪಕ್ಕದವನು ಪೆಟ್ಟು ತಿಂದು ಸತ್ತ. ಇದನ್ನು ನನಗೆ ಹೇಳಿದ್ದು ಒಂದೇ ಸಲ, ಊಟದ ನಡುವೆ. ಆಮೇಲೆ ಅನ್ನ ಮುಟ್ಟಲಿಲ್ಲ.

ಅಂಥವನನ್ನು ತಾವು ಮತ್ತೆ ಸಾಲಲ್ಲಿ ನಿಲ್ಲಿಸಿದಿರಿ. ಯಾಕೆ? ಮುಖ್ಯ ಅತಿಥಿಗಳು ಇನ್ನೂ ದಯಮಾಡಿಸಿರಲಿಲ್ಲ! ತಾವು ಶಾಮಿಯಾನದ ನೆರಳಲ್ಲಿ ಶರಬತ್ತು ಹೀರುತ್ತಿದ್ದಿರಿ. “ಒಂದು ಕುರ್ಚಿ ಕೊಡಿಸಿ ಸಾಹೇಬ್ರೇ” ಎಂದು ಕೈಮುಗಿದೆ. ತಾವು ನನ್ನ ಮುಖವನ್ನೂ ನೋಡದೆ ಜವಾನನಿಗೆ ಹೇಳಿದಿರಿ: “ಅರೇ, ಫೌಜೀ ಆದ್ಮೀ ಹೈ, ಖಡಾ ರೆಹನೇ ದೋ!” ಸಿಪಾಯಿ ಮನುಷ್ಯನಂತೆ, ನಿಂತೇ ಇರಲಂತೆ! ಸುತ್ತಲಿನವರು ಹಲ್ಲು ಕಿರಿದರು. ಗ್ರಾಂಟ್ ರೋಡಿನ ನನ್ನ ಹೋಟೆಲಿಗೆ ಬರೀ ಚಾ ಕುಡಿಯಲು ಬಂದವನಿಗೂ ನಾವು ಮೊದಲು ಕುರ್ಚಿ ತೋರಿಸುತ್ತೇವೆ. ಅಷ್ಟು ಮರ್ಯಾದೆಯನ್ನೂ ತಮ್ಮ ಘನ ಕಚೇರಿಯಲ್ಲಿ ಯಾರೂ ಕಲಿಸಲಿಲ್ಲವೇ?

ಅತಿಥಿಗಳು ಬಂದರು, ಶಾಲು ಹೊದೆಸಿದರು, ಫೋಟೋ ತೆಗೆಸಿಕೊಂಡು ಹೋದರು. ತಾವೂ ಕಾರು ಹತ್ತಿದಿರಿ. ಶಾಮಿಯಾನ ಬಿಚ್ಚಿದರೂ ರಮಾನಾಥ ಅಲ್ಲಾಡಲಿಲ್ಲ. “ನಡಿ ಮಾರಾಯ, ಮುಗೀತು” ಎಂದೆ. “ಸಾಹೇಬ್ರು ಹೇಳ್ಲಿಲ್ಲವಲ್ಲ ಅಣ್ಣ” ಎಂದ. ನಾನೂ ಟ್ಯಾಕ್ಸಿ ಡ್ರೈವರನೂ ಸೇರಿ ಅವನನ್ನು ಎತ್ತಿಕೊಂಡೇ ಮನೆಗೆ ತಂದೆವು.

ಅಂದಿನಿಂದ ಬೆಳಗಾದರೆ ನಮ್ಮ ಬಿಲ್ಡಿಂಗಿನ ಗ್ಯಾಲರಿಯಲ್ಲಿ ನೆಟ್ಟಗೆ ನಿಂತುಬಿಡುತ್ತಾನೆ. ಕಾಲು ಬಾತು ಚರ್ಮ ಒಡೆದಿದೆ. ಹೀಗೇ ನಿಂತರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನ ಹೆಂಡತಿ ವಿನೋದಿನಿ ನಿಂತವನ ಬಾಯಿಗೇ ತುತ್ತಿಡುತ್ತಾಳೆ. “ನಿಮ್ಮ ದಮ್ಮಯ್ಯ, ಕೂತ್ಕೊಳ್ಳಿ” ಎಂದು ಅವಳು ಅತ್ತರೆ, “ನಾನು ಕೂತ್ರೆ ನಿಂಗೆ ಪೆಟ್ಟು ಬೀಳ್ತದೆ” ಎನ್ನುತ್ತಾನೆ.

ತಮ್ಮ ಕಚೇರಿಗೆ ಬಂದು ಇದನ್ನೆಲ್ಲ ಹೇಳಿದೆ. ಸಾಹೇಬರು ಮುಂದಿನ ಸನ್ಮಾನದ ತಯಾರಿಯಲ್ಲಿದ್ದಾರೆ, ಆಮೇಲೆ ಬನ್ನಿ ಎಂದರು ತಮ್ಮ ಗುಮಾಸ್ತರು. ಥೂ!

ನನಗೆ ತಮ್ಮ ಕ್ಷಮೆ ಬೇಡ, ಇನ್ನೊಂದು ಶಾಲಂತೂ ಬೇಡವೇ ಬೇಡ. ನಮ್ಮ ಮನೆಗೆ ಬನ್ನಿ. ಮಹಡಿ ಹತ್ತಿ, ಅವನೆದುರು ನಿಂತು, “ರಮಾನಾಥ್, ಕೂತ್ಕೊಳ್ಳಿ. ಯಾರಿಗೂ ಹೊಡೆಯುವುದಿಲ್ಲ” ಎಂದು ತಮ್ಮ ಬಾಯಿಂದಲೇ ಹೇಳಿ ಹೋಗಿ.

ಇಂತಿ,
ತಮ್ಮ ಮೇಲೆ ಎಳ್ಳಷ್ಟೂ ಗೌರವ ಉಳಿಯದಿದ್ದರೂ
ತಮ್ಮ ದಾರಿಯನ್ನೇ ಕಾಯಬೇಕಾಗಿ ಬಂದಿರುವ
ಚೆನ್ನಯ